ಮೇಲೆ ಫಳಫಳ ಕ್ಲೀಟ್, ಅಡಿಯಲ್ಲಿ ಬರೀ ಸ್ಕ್ರೂ

ಇಪ್ಪತ್ತು ಅಡಿಯ ಫೈಬರ್ ಹಾಯಿದೋಣಿ ಮಾಡಿ ಮಾರುವವರನ್ನು ಕೇಳಲೇಬೇಕು: ಇಡೀ ದೋಣಿಯನ್ನು ಹಿಡಿದು ನಿಲ್ಲಿಸುವ ಕ್ಲೀಟನ್ನು, ಅಂದರೆ ಹಗ್ಗ ಸುತ್ತಿ ಕಟ್ಟುವ ಎರಡು ಕೊಂಬಿನ ಲೋಹದ ಗೂಟವನ್ನು, ಬಾಗಿಲ ಚಿಲಕದ ಹಾಗೆ ನಾಲ್ಕು ಸ್ಕ್ರೂ ಹೊಡೆದು ಕೂರಿಸಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ? ಮಳೆಗಾಲದಲ್ಲಿ ಅಳಿವೆಯ ಹತ್ತಿರ ಕಟ್ಟಿದ ದೋಣಿ ರಾತ್ರಿಯಿಡೀ ಹಗ್ಗ ಜಗ್ಗುತ್ತದೆ, ಅಲೆಗೊಂದು ಜಗ್ಗು. ಐದಾರು ಮಿಲಿಮೀಟರ್ ಫೈಬರ್‌ನಲ್ಲಿ ಸ್ಕ್ರೂವಿನ ಥ್ರೆಡ್ ಎಷ್ಟು ದಿನ ಕಚ್ಚಿಕೊಂಡೀತು? ಕ್ಲೀಟಿನ ಬುಡದಲ್ಲಿ ಕಂದು ಗೆರೆ ಇಳಿದಿದ್ದರೆ, ಬೆರಳಲ್ಲಿ ಒತ್ತಿದಾಗ ಒಂದು ಕೂದಲೆಳೆಯಷ್ಟು ಅಲುಗಿದರೆ, ಅದು ಕೀಳಲು ಒಂದು ಗಾಳಿ ಸಾಕು.

ದುಡ್ಡು ಹಾಕಿ ಬದಲಾಯಿಸೋಣ ಅಂದರೆ ಅಂಗಡಿಯಲ್ಲೂ ಮೋಸ. 'ಮರೀನ್ ಸ್ಟೀಲ್' ಎಂದು ಕೊಡುವುದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಉಪ್ಪುನೀರಿಗೆ ಬೇಕಾದ್ದು 316, ಅದರಲ್ಲಿರುವ ಶೇ. 2–3ರಷ್ಟು ಮಾಲಿಬ್ಡಿನಮ್ ಎಂಬ ಲೋಹವೇ ಉಪ್ಪಿನ ಹೊಡೆತ ತಡೆಯುವುದು. ಆಯಸ್ಕಾಂತ ಹಿಡಿದು "ಅಂಟಲಿಲ್ಲ ನೋಡಿ" ಎನ್ನುತ್ತಾರೆ. ಎರಡಕ್ಕೂ ಸಾಮಾನ್ಯವಾಗಿ ಅಂಟುವುದಿಲ್ಲ ಮಾರಾಯ್ರೆ! ಬೋಲ್ಟಿನ ತಲೆ ನೋಡಬೇಕು: ಎ4 ಅಂದರೆ 316ರ ದರ್ಜೆ, ಎ2 ಅಂದರೆ 304ರದ್ದು. ಬೋಲ್ಟ್ ಸರಿಯಿದ್ದರೆ ಜೊತೆಗೆ ಕೊಡುವ ನಟ್ ಸತುವಿನ ಲೇಪದ್ದು, ಒಂದೇ ಮಳೆಗಾಲಕ್ಕೆ ಹುಡಿಹುಡಿ. ಅಳತೆಯೂ ಅಷ್ಟೇ. 12 ಮಿಮೀ ಹಗ್ಗಕ್ಕೆ ಎಂಟು ಇಂಚಿನ ಕ್ಲೀಟ್ ಬೇಕು. ಐದಿಂಚಿನದು ಕೊಟ್ಟು "ನಡೀತದೆ" ಅಂತಾರೆ. ಎರಡು ಸುತ್ತು ಹಾಕುವಷ್ಟರಲ್ಲೇ ಕೊಂಬು ತುಂಬಿಹೋಗುತ್ತದೆ.

ಕೂರಿಸುವ ಕೆಲಸಗಾರರೂ ಅವಸರದವರೇ. ಎಂಟಿಂಚಿನ ಕ್ಲೀಟಿಗೆ 8 ಮಿಮೀ ಬೋಲ್ಟ್ ನಾಲ್ಕು, ಡೆಕ್ಕಿನ (ದೋಣಿಯ ಮೇಲ್ಹಾಸಿನ) ಆಚೆಗೆ ತೂರಿ ಬರಬೇಕು. ಅಡಿಯಲ್ಲಿ 6 ಮಿಮೀ ಗಟ್ಟಿ ಫೈಬರ್ ಹಾಳೆ, ಕ್ಲೀಟಿನ ಬುಡಕ್ಕಿಂತ ಸುತ್ತ ಒಂದೊಂದು ಇಂಚು ಹೆಚ್ಚು. ಪ್ಲೈವುಡ್ ಚೂರು ಕೊಟ್ಟರೆ ಕೊಳೆಯುತ್ತದೆ. ಅಲ್ಯೂಮಿನಿಯಂ ಕೊಟ್ಟರೆ ಸ್ಟೀಲ್ ಬೋಲ್ಟ್ ತಾಗಿದಲ್ಲೆಲ್ಲ ಬಿಳಿ ಪುಡಿಯಾಗುತ್ತದೆ.

ಡೆಕ್ಕಿನ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವಿದ್ದರೆ ನೇರ ತೂತು ಕೊರೆಯುವುದು ದೋಣಿಗೇ ದ್ರೋಹ. ಮೊದಲು ಮೇಲಿನಿಂದ 16 ಮಿಮೀ ಕೊರೆಯಬೇಕು, ಕೆಳಗಿನ ಪದರ ಮುಟ್ಟಬಾರದು. ಆ ಗುಂಡಿಗೆ ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿ, ಮರುದಿನ ಅದರ ನಡುವೆ 8 ಮಿಮೀ ತೂತು. ಇದನ್ನು ಬಿಟ್ಟರೆ ನೀರು ಮರಕ್ಕಿಳಿದು ಡೆಕ್ ಸ್ಪಂಜಾಗುತ್ತದೆ. ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ ಬ್ಯುಟೈಲ್ ಟೇಪ್ (ಅಂಟಂಟಾದ ಮೆತ್ತನೆಯ ರಬ್ಬರ್ ಪಟ್ಟಿ) ಸುತ್ತಿದರೆ ಬೋಲ್ಟಿಗೆ ಕೊರಳಪಟ್ಟಿಯ ಹಾಗೆ ಕೂರುತ್ತದೆ. ಬಚ್ಚಲುಮನೆಯ ಸಿಲಿಕಾನ್ ಅಲ್ಲಿಗೆ ಬೇಡವೇ ಬೇಡ. ಅದು ಬಿಟ್ಟುಹೋಗಿ, ಸಂದಿಯಲ್ಲಿ ನೀರು ನಿಂತು ಗಾಳಿಯಾಡದಿದ್ದರೆ 316 ಕೂಡ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ.

ಬಿಗಿಯುವಾಗ ಮೇಲಿನ ಬೋಲ್ಟನ್ನು ಅಲುಗದಂತೆ ಹಿಡಿದು ಅಡಿಯ ನಟ್ಟನ್ನಷ್ಟೇ ತಿರುಗಿಸಬೇಕು, ಇಲ್ಲವಾದರೆ ಟೇಪ್ ಹರಿಯುತ್ತದೆ. ಅದೂ ಕೈಯಲ್ಲಿ, ನಿಧಾನಕ್ಕೆ. ಮಶೀನ್ ಹಿಡಿದು ಗರಗರ ತಿರುಗಿಸುವವರ ಕೈಯಲ್ಲಿ ಸ್ಟೀಲ್ ನಟ್ ಬಿಸಿಯಾಗಿ ಬೋಲ್ಟಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಕೊಯ್ದೇ ತೆಗೆಯಬೇಕು.

ಇಷ್ಟೆಲ್ಲ ಮಾಡಿ ಕಟ್ಟುವುದು ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಹಗ್ಗಕ್ಕೆ! ಅದು ನೈಲಾನಿನಷ್ಟು ಹಿಗ್ಗುವುದಿಲ್ಲ, ಪ್ರತಿ ಏಟೂ ಸೀದಾ ಬೋಲ್ಟಿಗೆ. ಬಿಸಿಲಿಗೆ ನಾರುನಾರಾಗಿ ಉದುರುತ್ತದೆ.

ಕ್ಲೀಟಿನ ಡಬ್ಬಿಯೊಳಗೇ ನಾಲ್ಕು ಎ4 ಬೋಲ್ಟ್, ಅದೇ ದರ್ಜೆಯ ನಟ್, ಅಗಲ ವಾಷರ್, ಅಡಿಯ ಹಾಳೆ ಹಾಕಿ ಕೊಡಿ. ಬೆಲೆ ಸೇರಿಸಿಕೊಳ್ಳಿ, ಕೊಡುತ್ತೇವೆ. ಸ್ಕ್ರೂ ಪೊಟ್ಟಣ ಮಾತ್ರ ಇನ್ನು ಮುಂದೆ ನಿಮ್ಮ ಗಲ್ಲಾಪೆಟ್ಟಿಗೆಯ ಹತ್ತಿರವೇ ಇರಲಿ.