ಸೌಮ್ಯವಾದಿಗೆ ಜಾಗ ಇದೆ, ಫ್ಲೆಕ್ಸ್‌ನ ಮೂಲೆಯಲ್ಲಿ

ಸಂಪ್ರದಾಯವಾದಿ ಪಕ್ಷಗಳಲ್ಲಿ ಸೌಮ್ಯವಾದಿಗಳಿಗೆ ಜಾಗವೇ ಇಲ್ಲ ಅಂತ ಟಿವಿಯಲ್ಲಿ ಕೂತು ಅಳುವವರು ಒಮ್ಮೆ ಚಿಕ್ಕಮಗಳೂರಿಗೆ ಬರಬೇಕು. ಜಾಗ ಧಾರಾಳವಾಗಿದೆ. ಐಜಿ ರಸ್ತೆಯಲ್ಲಿ ನಾಯಕರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟಿರುತ್ತಾರಲ್ಲ, ಅದರ ಕೆಳಗೆ ಸ್ಟಾಂಪ್ ಗಾತ್ರದ ಮುಖಗಳ ಸಾಲು ಇರುತ್ತದೆ. ಎಡಗಡೆಯ ಕೊನೆಯಲ್ಲಿ, ಕಂಬಕ್ಕೆ ಕಟ್ಟಿದ ಹಗ್ಗದ ಹಿಂದೆ ಅರ್ಧ ಮರೆಯಾಗಿ ಕೈಮುಗಿದು ನಗುತ್ತಿದ್ದಾರಲ್ಲ, ಅವರೇ. (ಐಜಿ ಅಂದರೆ ಇಂದಿರಾ ಗಾಂಧಿ. 1978ರ ಉಪಚುನಾವಣೆಯಲ್ಲಿ ಅವರನ್ನು ಗೆಲ್ಲಿಸಿ ಕಳಿಸಿದ ಊರು ಇದು. ಇರಲಿ ಬಿಡಿ.)

ಹೆಸರು ಬೇಡ, ಸುಮ್ನೆ ಅಣ್ಣ ಅನ್ನೋಣ. ಇಂಥ ಅಣ್ಣ ತಾಲ್ಲೂಕಿಗೆ ಒಬ್ಬರಾದರೂ ಸಿಗುತ್ತಾರೆ. ಒಂದಿಷ್ಟು ತೋಟ, ಒಂದು ಹೋಂಸ್ಟೇ, ಎಲ್ಲರ ಮನೆ ಮದುವೆಗೂ ಹೋಗುವ ಅಭ್ಯಾಸ. ಮುಸ್ಲಿಂ ಗೆಳೆಯನ ಮಗಳ ಮದುವೆಗೂ ಹೋಗುತ್ತಾರೆ, ಬಿರಿಯಾನಿ ಎರಡು ಸಲ ಹಾಕಿಸಿಕೊಳ್ಳುತ್ತಾರೆ, ಫೋಟೋ ಮಾತ್ರ ವಾಟ್ಸಾಪಿಗೆ ಹಾಕಬೇಡಿ ಅನ್ನುತ್ತಾರೆ. ವಿರೋಧ ಪಕ್ಷದವರೂ ಇವರನ್ನು ಹೊಗಳುತ್ತಾರೆ: 'ಮನುಷ್ಯ ಒಳ್ಳೆಯವರು, ಇರೋ ಪಾರ್ಟಿ ಸರಿ ಇಲ್ಲ.' ಪಾರ್ಟಿಯವರ ದೂರು ಬೇರೆ: 'ಪಾರ್ಟಿ ಸರಿಯಾಗೇ ಇದೆ, ಇವರೇ ಸ್ವಲ್ಪ ಒಳ್ಳೆಯವರು.'

ಡಿಸೆಂಬರ್‌ನಲ್ಲಿ, ಹಿಂದೂ-ಮುಸ್ಲಿಮರ ನಡುವೆ ವಿವಾದವಿರುವ ಬಾಬಾಬುಡನ್‌ಗಿರಿಯ ದತ್ತ ಜಯಂತಿ ಹತ್ತಿರ ಬಂತೆಂದರೆ ಅಣ್ಣನಿಗೆ ಸೀಸನ್. ಪೊಲೀಸರು ಶಾಂತಿ ಸಭೆ ಕರೆಯುತ್ತಾರೆ, ಪಕ್ಷ ಇವರನ್ನೇ ಕಳಿಸುತ್ತದೆ. ಮೊದಲ ಸಾಲಿನ ಕುರ್ಚಿ, ಪೇಪರ್ ಕಪ್ಪಿನಲ್ಲಿ ಟೀ (ಕಾಫಿ ನಾಡಿನ ಸಭೆಯಲ್ಲಿ ಟೀ ಯಾಕೆ ಅನ್ನುವುದಕ್ಕೂ ಒಂದು ಶಾಂತಿ ಸಭೆ ಕರೆಯಬೇಕು), ತಟ್ಟೆಯಲ್ಲಿ ಮೆತ್ತಗಾದ ಬಿಸ್ಕತ್ತು. ಅಣ್ಣ ಎದ್ದು ನಿಂತು 'ನಮ್ಮದು ಸೌಹಾರ್ದಕ್ಕೆ ಹೆಸರಾದ ಜಿಲ್ಲೆ' ಅನ್ನುತ್ತಾರೆ. ಚಪ್ಪಾಳೆ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಗುಂಯ್ ಅನ್ನುತ್ತದೆ. ಹೊರಗೆ ಬೈಕ್ ಮೇಲೆ ಕಾಯುತ್ತಿರುವ ಹುಡುಗರು: 'ಅಣ್ಣ, ಭಾಷಣ ಸಾಕು, ಮೆರವಣಿಗೆಗೆ ರೂಟ್ ಯಾವುದು ಕೊಟ್ರು ಕೇಳಿ.'

ಅಣ್ಣನ ತೋಟದ ಗಿಡಗಳ ಮೂಲ ಹುಡುಕುತ್ತಾ ಹೋದರೆ ಅದು ಯೆಮನ್‌ನಿಂದ ಏಳು ಕಾಫಿ ಬೀಜ ತಂದರು ಅನ್ನುವ ಸೂಫಿ ಸಂತ ಬಾಬಾ ಬುಡನ್ ಹತ್ತಿರ ಹೋಗಿ ನಿಲ್ಲುತ್ತದೆ. ಹೋಂಸ್ಟೇಗೆ ಬೆಂಗಳೂರಿನವರು ಬಂದಾಗ ಈ ಕತೆಯನ್ನು ಅವರು ಎಷ್ಟು ಚೆನ್ನಾಗಿ ಹೇಳುತ್ತಾರೆ ಅಂದರೆ ಕೇಳಿದವರು ಎರಡು ಕೆಜಿ ಪುಡಿ ಜಾಸ್ತಿ ಕೊಂಡು ಹೋಗುತ್ತಾರೆ. ಪಕ್ಷದ ಸಭೆಯಲ್ಲಿ ಮಾತ್ರ ಕಾಫಿ ಅಂದರೆ ಬರೀ ರೇಟು.

ತಮಾಷೆ ಏನೆಂದರೆ, ಅಣ್ಣ ಹುಟ್ಟಾ ಸೌಮ್ಯವಾದಿ ಅಲ್ಲವೇ ಅಲ್ಲ. ತೊಂಬತ್ತರ ದಶಕದಲ್ಲಿ ಇವರು ಘೋಷಣೆ ಕೂಗಿದರೆ ಬಸವನಹಳ್ಳಿ ರಸ್ತೆಯಲ್ಲಿ ಅಂಗಡಿ ಷಟರ್ ಇಳಿಯುತ್ತಿದ್ದವು. ಅವತ್ತು ಹೇಳಿದ್ದನ್ನೇ ಇವತ್ತೂ ಹೇಳುತ್ತಾರೆ, ಒಂದಕ್ಷರ ಬದಲಿಲ್ಲ. ಪಕ್ಷ ಮುಂದೆ ಹೋಯಿತು, ಇವರು ನಿಂತಲ್ಲೇ ಸೌಮ್ಯರಾದರು.

ದೊಡ್ಡವರ ಕತೆಯೂ ಇದೇ ಅಲ್ವಾ? 1990ರಲ್ಲಿ ಸೋಮನಾಥದಿಂದ ಅಯೋಧ್ಯೆ ಕಡೆಗೆ ರಥ ಹೊರಡಿಸಿದ ಅಡ್ವಾಣಿಯವರು 2005ರಲ್ಲಿ ಕರಾಚಿಗೆ ಹೋಗಿ ಜಿನ್ನಾ ಬಗ್ಗೆ ನಾಲ್ಕು ಒಳ್ಳೆ ಮಾತಾಡಿದರು. ವರ್ಷದ ಕೊನೆಗೆ ಅಧ್ಯಕ್ಷ ಸ್ಥಾನ ಹೋಯಿತು. 2014ರಲ್ಲಿ ಮಾರ್ಗದರ್ಶಕ ಮಂಡಳಿ ಸಿಕ್ಕಿತು. ಮಾರ್ಗ ಕೇಳಿಕೊಂಡು ಹೋಗುವವರ ಕ್ಯೂ ಮಾತ್ರ ಇರಲಿಲ್ಲ. ಈಗ ಅವರ ಹಳೆಯ ಟೀಕಾಕಾರರೇ 'ಛೇ, ಅಡ್ವಾಣಿ ಇದ್ದಾಗಲೇ ವಾಸಿ' ಅನ್ನುತ್ತಾರೆ! ಅಮೆರಿಕದ ಬ್ಯಾರಿ ಗೋಲ್ಡ್‌ವಾಟರ್ 1964ರ ರಿಪಬ್ಲಿಕನ್ ಸಮಾವೇಶದಲ್ಲಿ ಸ್ವಾತಂತ್ರ್ಯ ಕಾಪಾಡಲು ಉಗ್ರವಾದ ಆದರೂ ತಪ್ಪಲ್ಲ ಅಂದವರು. ಅದೇ ಸಮಾವೇಶದಲ್ಲಿ ಸೌಮ್ಯವಾದಿ ನೆಲ್ಸನ್ ರಾಕ್‌ಫೆಲರ್ ಮಾತಾಡಲು ನಿಂತರೆ ಜನ ಅಣಕಿಸಿ ಹೋ ಅಂತ ಕೂಗಿದರು. 1993ರಲ್ಲಿ ಇದೇ ಗೋಲ್ಡ್‌ವಾಟರ್, ಸಲಿಂಗಿಗಳು ಸೈನ್ಯದಲ್ಲಿದ್ದರೆ ಏನೀಗ ಅಂತ ಕೇಳಿದರು. ಅಲ್ಲಿಗೆ ಅವರೂ ಸಾಫ್ಟ್.

ಜಾಗ ಉಳಿಸಿಕೊಳ್ಳಲು ಷರತ್ತು ಒಂದೇ. ಬಾಯಿ ಬಿಡಬಾರದು. ಬಿಜೆಪಿಯ ಜಸ್ವಂತ್ ಸಿಂಗ್ ಜಿನ್ನಾ ಬಗ್ಗೆ ಪುಸ್ತಕ ಬರೆದರು, 2009ರಲ್ಲಿ ಶಿಮ್ಲಾದ ಚಿಂತನ ಬೈಠಕ್‌ಗೆ ಹೋದಾಗ ಫೋನ್ ಮಾಡಿ ಉಚ್ಚಾಟನೆ ಸುದ್ದಿ ಹೇಳಿದರು. ಚಿಂತನೆಗೆ ಅಂತ ಕರೆದಿದ್ದು, ಅವರು ಮೊದಲೇ ಮಾಡಿಕೊಂಡು ಬಂದುಬಿಟ್ಟಿದ್ದರು, ಅದೇ ತಪ್ಪು. ಬ್ರಿಟನ್ನಿನಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್, ತಮ್ಮ ಸರ್ಕಾರದ ವಿರುದ್ಧ ಮತ ಹಾಕಿದ ಸ್ವಪಕ್ಷದ 21 ಸಂಸದರನ್ನು ಒಂದೇ ಸಲ ಆಚೆ ಹಾಕಿದಾಗ ಅದರಲ್ಲಿ ಚರ್ಚಿಲ್ ಅವರ ಮೊಮ್ಮಗನೂ ಇದ್ದರು. ಅಮೆರಿಕದಲ್ಲಿ 2021ರ ಜನವರಿಯಲ್ಲಿ ಟ್ರಂಪ್ ಮೇಲಿನ ಮಹಾಭಿಯೋಗದ ಪರ ಕೆಳಮನೆಯ ಹತ್ತು ರಿಪಬ್ಲಿಕನ್ನರು ಮತ ಹಾಕಿದರು, 2022ರ ಚುನಾವಣೆ ಮುಗಿಯುವಷ್ಟರಲ್ಲಿ ಅಲ್ಲಿ ಉಳಿದವರು ಇಬ್ಬರು. ಹೋದವರಲ್ಲಿ ಲಿಜ್ ಚೇನಿ ಒಬ್ಬರು. ಅವರನ್ನು ಸೌಮ್ಯವಾದಿ ಅಂತ ಹತ್ತು ವರ್ಷ ಹಿಂದೆ ಯಾರಾದರೂ ಅಂದಿದ್ದರೆ ಅವರಪ್ಪ, ಕಟ್ಟಾ ಸಂಪ್ರದಾಯವಾದಿ ಡಿಕ್ ಚೇನಿಯೇ ನಕ್ಕುಬಿಡುತ್ತಿದ್ದರು.

ಇನ್ನೊಂದು ತಳಿ ಇದೆ, ದಿಢೀರ್ ಸೌಮ್ಯವಾದಿ. ರಾತ್ರಿ ಟಿಕೆಟ್ ಪಟ್ಟಿ ಬರುತ್ತದೆ, ಹೆಸರಿಲ್ಲ. ಬೆಳಿಗ್ಗೆ ಎದ್ದರೆ ಬಸವಣ್ಣ, ಅಂಬೇಡ್ಕರ್, ಕುವೆಂಪು ಎಲ್ಲ ಒಟ್ಟಿಗೆ ನೆನಪಾಗುತ್ತಾರೆ. 2023ರಲ್ಲಿ ಟಿಕೆಟ್ ಸಿಗದ ಜಗದೀಶ ಶೆಟ್ಟರ್ ಕಾಂಗ್ರೆಸ್‌ಗೆ ಹೋದರು, ಸೋತರು, ವಿಧಾನ ಪರಿಷತ್ತಿಗೆ ಬಂದರು, 2024ರ ಜನವರಿಯಲ್ಲಿ ಬಿಜೆಪಿಗೇ ವಾಪಸಾದರು, ಅದೇ ವರ್ಷ ಬೆಳಗಾವಿಯಿಂದ ಸಂಸದರೂ ಆದರು. ಆ ಪಕ್ಷವೂ ಕೈಬೀಸಿ ಕರೆಯಿತು, ಈ ಪಕ್ಷವೂ ಬಾಗಿಲು ತೆರೆಯಿತು, ಸಿದ್ಧಾಂತ ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ನಿಂತಿತ್ತು. ನಮ್ಮಲ್ಲೇ ನೋಡಿ, ಎಚ್.ಡಿ. ತಮ್ಮಯ್ಯ ಚುನಾವಣೆಗೆ ಸ್ವಲ್ಪ ಮುಂಚೆ ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿ ಸಿ.ಟಿ. ರವಿಯವರನ್ನೇ ಸೋಲಿಸಿದರು. ಅವತ್ತು ಅಣ್ಣ ಊಟ ಮಾಡಲಿಲ್ಲವಂತೆ. ಪಕ್ಷ ಸೋತ ದುಃಖವೋ, ಈ ಐಡಿಯಾ ತಮಗೆ ಹೊಳೆಯಲಿಲ್ಲವಲ್ಲ ಅನ್ನುವ ದುಃಖವೋ, ಅತ್ತಿಗೆಗೂ ಹೇಳಿಲ್ಲ.

ಮೊನ್ನೆ ಸಿಕ್ಕಾಗ ಕೇಳಿಯೇಬಿಟ್ಟೆ. 'ಅಲ್ಲಣ್ಣ, ಹುಡುಗರು ವೇದಿಕೆ ಮೇಲೆ ಏನೇನೋ ಮಾತಾಡ್ತಾರೆ. ನೀವು ಪಕ್ಕದಲ್ಲೇ ಕೂತು ತಲೆ ತಗ್ಗಿಸಿ ಮೊಬೈಲ್ ನೋಡ್ತೀರಿ. ಯಾಕೆ ಇನ್ನೂ ಅಲ್ಲೇ ಇದ್ದೀರಿ?'

'ಒಳಗಿದ್ದೇ ಸರಿ ಮಾಡ್ಬೇಕು ಮಾರಾಯ. ನಾವೂ ಹೊರಗೆ ಬಂದ್ರೆ ಅವರನ್ನ ತಡೆಯೋರು ಯಾರು?'

'ಇಷ್ಟು ವರ್ಷದಲ್ಲಿ ಏನು ತಡೆದ್ರಿ?'

ಅಣ್ಣ ಬಹಳ ಹೊತ್ತು ಯೋಚನೆ ಮಾಡಿದರು.

'ಹೋದ ಸಲ ಡಿಜೆ ಹತ್ತೂವರೆಗೇ ನಿಲ್ಲಿಸಿದ್ವಲ್ಲ!'

'ರಾತ್ರಿ ಹತ್ತಕ್ಕೇ ನಿಲ್ಲಿಸ್ಬೇಕು ಅಂತ ಕಾನೂನು ಇದೆಯಲ್ಲಣ್ಣ?'

'ಹೌದು. ಹುಡುಗರು ಹನ್ನೊಂದು ಅಂದ್ರು, ಪೊಲೀಸರು ಹತ್ತು ಅಂದ್ರು. ನಾನು ಮಧ್ಯದಲ್ಲಿ ನಿಂತೆ.'