ಹೊನ್ನಮ್ಮನ ಊರು ಮಧ್ಯಪ್ರದೇಶ

ತಂಗಿಯ ಮಗ ಏಳನೇ ಕ್ಲಾಸು. ಮೊನ್ನೆ ಅವನ ಕನ್ನಡ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. 'ಸಾಂಚಿ ಹೊನ್ನಮ್ಮನವರು ಮಧ್ಯಪ್ರದೇಶದಲ್ಲಿ ಹುಟ್ಟಿದರು. ಅಲ್ಲಿ ದೊಡ್ಡ ಸ್ತೂಪವಿದೆ' ಎಂದು ದುಂಡಗೆ ಬರೆದಿದ್ದ. ಪಕ್ಕದಲ್ಲಿ ಕೆಂಪು ಶಾಯಿಯ ರೈಟ್ ಗುರುತು. ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಆ ರೈಟ್ ನೋಡಿ ಮೈಯೆಲ್ಲ ಉರಿಯಿತು.

"ಸಂಚಿ ಅಂದ್ರೆ ಊರಲ್ಲ ಕಣೋ, ಎಲೆಅಡಿಕೆ ಚೀಲ. ಆಯಮ್ಮ ನಮ್ಮ ಯಳಂದೂರಿನವಳು. ಚಿಕ್ಕದೇವರಾಜ ಒಡೆಯರ ಅರಮನೇಲಿ ಸಂಚಿ ಹಿಡಿಯೋ ಕೆಲಸ."

"ಪೌಚಾ ಮಾಮ?"

ನಮ್ಮ ಬೀದಿಯಲ್ಲಿ ಪೌಚ್ ಅಂದರೆ ಗುಟ್ಕಾ. ಸಾಂಗತ್ಯವೆಂಬ ಛಂದಸ್ಸಿನಲ್ಲಿ ಕಾವ್ಯ ಕಟ್ಟಿದವಳನ್ನು ಪೌಚ್ ಹೊನ್ನಮ್ಮ ಮಾಡಲು ನಾಲಿಗೆ ಏಳಲಿಲ್ಲ. ತೋರಿಸಿಯೇಬಿಡೋಣ ಎಂದು ಮೂಲೆಯ ಬೀಡಾ ಅಂಗಡಿಗೆ ಹೋಗಿ "ಸಂಚಿ ಇದ್ಯಾ?" ಎಂದೆ. ಅವನು ತೂಗುಹಾಕಿದ್ದ ವಾರಪತ್ರಿಕೆಗಳತ್ತ ತಿರುಗಿ, "ಈ ವಾರದ ಸಂಚಿಕೆ ಇನ್ನೂ ಬಂದಿಲ್ಲ ಸಾರ್" ಎಂದ. ದಿನವಿಡೀ ಎಲೆಗೆ ಸುಣ್ಣ ಬಳಿಯುವವನ ಗತಿಯೇ ಇದಾದರೆ ಟೀಚರನ್ನು ಅಂದು ಏನು ಪ್ರಯೋಜನ!

ನಮ್ಮಜ್ಜಿಯದು ಹಳೇ ಸೀರೆಯ ಸೆರಗಿನಲ್ಲಿ ಹೊಲಿದ ಸಂಚಿ. ಎಲೆಗೊಂದು ಅರೆ, ಅಡಿಕೆ ಹೋಳಿಗೊಂದು, ಕಡ್ಡಿಪುಡಿಗೊಂದು, ಬೆಳ್ಳಿಯ ಸುಣ್ಣದ ಡಬ್ಬಿಗೆ ಎಲ್ಲಕ್ಕಿಂತ ಒಳಗಿನದು. ಜಾತ್ರೆಗೆಂದು ಅವಳು ಕೊಡುತ್ತಿದ್ದ ನಾಲ್ಕಾಣೆಯೂ ಅಲ್ಲಿಂದಲೇ ಬರಬೇಕು. ಅದಕ್ಕೂ ಸುಣ್ಣ ಮೆತ್ತಿರುತ್ತಿತ್ತು. ಅವಳ ತಿಥಿ ಮುಗಿದ ಸಂಜೆ ಜಗುಲಿಯ ಮೇಲೆ ಸಂಚಿ ಬಿಚ್ಚಿದರು. "ಡಬ್ಬಿ ನಂಗೇ ಅಂತ ಅವ್ವ ಅಂದಿದ್ಲು" ಎಂದಳು ಅತ್ತೆ. "ಮಾಡಿಸಿಕೊಟ್ಟೋರು ನಮ್ಮನೆಯೋರು" ಎಂದಳು ದೊಡ್ಡಮ್ಮ. ಯಾರೋ ತಕ್ಕಡಿ ತಂದರು. ತೂಗುವ ಮೊದಲು ಒಳಗಿನ ಸುಣ್ಣ ಕೆರೆದು ತೆಗೆಯಬೇಕೋ ಬೇಡವೋ ಎಂಬುದರ ಮೇಲೆ ಇನ್ನೊಂದು ಜಗಳ. ಈ ಗಲಾಟೆಯಲ್ಲಿ ದೊಡ್ಡಪ್ಪ ಅಡಕೊತ್ತನ್ನು ಜೇಬಿಗಿಳಿಸಿದ್ದನ್ನು ನಾನೊಬ್ಬನೇ ನೋಡಿದ್ದು. ಅತ್ತೆ, ದೊಡ್ಡಮ್ಮ ಹದಿನಾಲ್ಕು ವರ್ಷ ಮಾತು ಬಿಟ್ಟರು. ಡಬ್ಬಿ ಕೊನೆಗೆ ಯಾರ ಮನೆ ಸೇರಿತೆಂದು ನನಗೆ ಗೊತ್ತು. ಹೇಳುವುದಿಲ್ಲ, ಮುಂದಿನ ತಿಂಗಳು ಆ ಮನೆಯಲ್ಲಿ ಮದುವೆಯಿದೆ.

ಖಾಲಿ ಸಂಚಿ ಮಾತ್ರ ಯಾರಿಗೂ ಬೇಡವಾಗಿತ್ತು. ಚಿಕ್ಕಪ್ಪ ಅದರಲ್ಲಿ ಸೈಕಲ್ ಚೈನು ಒರೆಸಿದ. ಅವನಿಗೆ ಈಗ ಎಪ್ಪತ್ತೆಂಟು, ನಾನಿನ್ನೂ ಕ್ಷಮಿಸಿಲ್ಲ.

ನಿಜಕ್ಕೂ ಹೇಳಹೊರಟಿದ್ದು ಹಡಪದ ವಿಷಯ. ಸಂಚಿಗೂ ಮುಂಚೆ, ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಎಲೆಅಡಿಕೆ ಚೀಲ ಅಂದರೆ ಹಡಪ. ಬಸವಣ್ಣನವರ ಜೊತೆಗಿದ್ದ ವಚನಕಾರ ಹಡಪದ ಅಪ್ಪಣ್ಣನಿಗೆ ಆ ಹೆಸರು ಬಂದದ್ದು ಅದರಿಂದ. ಕ್ಷೌರದ ಕತ್ತಿ, ಕತ್ತರಿ ಇಡುವ ಚೀಲಕ್ಕೂ ಹಡಪವೇ. ಹಡಪಕ್ಕೂ ಸಂಚಿಗೂ ಇರುವ ವ್ಯತ್ಯಾಸವೇನೆಂದರೆ... ಅಷ್ಟರಲ್ಲಿ ಹುಡುಗ ಆಕಳಿಸಿದ. ಆಕಳಿಸುವವರ ಎದುರು ವ್ಯತ್ಯಾಸ ಹೇಳುವ ಅಭ್ಯಾಸ ನನಗಿಲ್ಲ.

"ಸರಿ, ಆ ಸ್ತೂಪ ಹೊಡೆದುಹಾಕಿ ಯಳಂದೂರು ಅಂತ ಬರಿ" ಎಂದೆ.

ಅವನು ನೋಟ್‌ಬುಕ್ ಕಿತ್ತುಕೊಂಡು ಬ್ಯಾಗಿಗೆ ತುರುಕಿದ. "ಮಿಸ್ ರೈಟ್ ಹಾಕಿದಾರಲ್ಲ ಮಾಮ!"