ಚಿಕ್ಕಪ್ಪನ ಕಾರು, ನಮ್ಮ ಅಂಗಳ

ಬೆಳಿಗ್ಗೆ ಮುಖ ತೊಳೆದು ಜಗಲಿಯ ಹಗ್ಗದಲ್ಲಿದ್ದ ಬೈರಾಸಿನಿಂದ ಒರೆಸಿಕೊಳ್ಳುವಾಗ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಬಾರದೆಂದು ಬಯಸುವುದು ದೊಡ್ಡ ದುರಾಸೆಯೇನಲ್ಲ. ಇಂದು ಬಡಿಯಿತು. ಕಾರಿನ ಹಿಂದಿನ ಆಕ್ಸಲಿಗೆ ಹಾಕುವ 90 ನಂಬರಿನ ಆಯಿಲಿನಲ್ಲಿ ಗಂಧಕದ ಅಂಶವಿರುವುದರಿಂದ ಅದಕ್ಕೆ ಆ ವಾಸನೆ. ಅದು ಆಕ್ಸಲಿನಿಂದ ನನ್ನ ಹೊಸ ಬೈರಾಸಿಗೆ ತಲುಪಿದ್ದು ಚಿಕ್ಕಪ್ಪನ ಬಲಗೈಯ ತೋರುಬೆರಳಿನ ಮೂಲಕ.

ಚಿಕ್ಕಪ್ಪನ ಬಳಿ ಎಂ.ಜಿ.ಎ. ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿದೆ. 1955ರಿಂದ 1962ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ ತಯಾರಾಗುತ್ತಿದ್ದ ಈ ಜಾತಿಯ ಕಾರೊಂದು ಕೊಡಗಿನ ತೋಟದ ಶೆಡ್ಡಿನಲ್ಲಿ ಧೂಳು ತಿನ್ನುತ್ತಿರುವುದನ್ನು ಕಂಡು, ಬ್ಯಾಂಕಿನಿಂದ ನಿವೃತ್ತರಾದಾಗ ಕೈಗೆ ಬಂದ ಹಣವನ್ನು ಅವರು ಅದಕ್ಕೆ ಸುರಿದರು. ಕಾರು ಅವರದಾದರೂ ಅದು ನಿಲ್ಲುವುದು ಬದಿಯಡ್ಕದ ಬಳಿಯ ನಮ್ಮ ಮನೆಯ ಅಂಗಳದ ಶೀಟಿನ ಮಾಡಿನಡಿ. ಅವರ ಮನೆಯ ಪೋರ್ಚಿಗೆ ಟೈಲ್ಸ್ ಹಾಕಿಸಿದ್ದಾರೆ, ಎಣ್ಣೆ ಬಿದ್ದರೆ ಕಲೆ ಹೋಗುವುದಿಲ್ಲ. ನಮ್ಮದು ಬರೀ ಸಿಮೆಂಟು ತಾನೆ ಎಂಬುದು ಅವರ ನ್ಯಾಯ. ಅದೇ ಸಿಮೆಂಟಿನ ಮೇಲೆ ನಾವು ಅಡಕೆ ಒಣಗಿಸುತ್ತೇವೆ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ.

ಈ ಕಾರಿನಿಂದ ಸೋರದ ದ್ರವವಿಲ್ಲ. ಎಂಜಿನ್ ಆಯಿಲ್ ನಿತ್ಯದ್ದು. ಕ್ಲಚ್ಚಿನ ದ್ರವ ಆಗೊಮ್ಮೆ ಈಗೊಮ್ಮೆ. ಕಾರ್ಬುರೇಟರಿನ ಸೂಜಿ ಸಿಕ್ಕಿಕೊಂಡ ದಿನ ಪೆಟ್ರೋಲ್. ಮಳೆಗಾಲದಲ್ಲಿ ಸೋರಿಕೆ ಮೇಲಿನಿಂದಲೂ ಉಂಟು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡಿಗೆ, ಏರಿಸುವ ಕಿಟಕಿ ಗಾಜೇ ಇಲ್ಲದ ಕಾರನ್ನು ತಂದವರ ಧೈರ್ಯವನ್ನು ಮೆಚ್ಚಲೇಬೇಕು. ನಾವು ಕಾರಿನಡಿಯಲ್ಲಿ ಅಲ್ಲಲ್ಲಿ ಅಡಕೆ ಹಾಳೆಗಳನ್ನಿಟ್ಟು ಬದುಕುತ್ತಿದ್ದೇವೆ.

ಚಿಕ್ಕಪ್ಪ ದಿನವೂ ಕಾಫಿಗೆ ಮೊದಲು ಬರುತ್ತಾರೆ. ಲುಂಗಿ ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕುಳಿತು, ಒಂದೊಂದೇ ಹಾಳೆಯನ್ನು ಹೊರಗೆಳೆದು ಬೆರಳು ಅದ್ದುತ್ತಾರೆ. ಆಮೇಲೆ, ಅಡುಗೆಭಟ್ಟರು ಬೆಲ್ಲದ ಪಾಕಕ್ಕೆ ಎಳೆ ಬಂದಿದೆಯೇ ಎಂದು ನೋಡುವಂತೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅದನ್ನು ತಿಕ್ಕಿ, ಬಿಡಿಸಿ, ಬೆಳಕಿಗೆ ಹಿಡಿದು, ಕೊನೆಗೆ ಮೂಸುತ್ತಾರೆ. “ಎಂಜಿನ್ನಿನದ್ದು” ಎನ್ನುತ್ತಾರೆ. ಅದು ಕಪ್ಪಾಗಿರುವುದು ಜಗಲಿಯಲ್ಲಿ ಕುಳಿತ ನನಗೂ ಕಾಣುತ್ತದೆ. ಬಳಿಕ ಎಂಜಿನ್ನಿನ ಎಣ್ಣೆಯ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡಿ, ಒಂದು ಹಳೆಯ ಲೆಡ್ಜರಿನಲ್ಲಿ ತಾರೀಕಿನ ಎದುರು ಅಷ್ಟನ್ನೂ ಖರ್ಚಿಗೆ ಬರೆಯುತ್ತಾರೆ. ನೌಕರಿಯಲ್ಲಿದ್ದಾಗ ಐವತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿಯವರೆಗೆ ಮನೆಗೆ ಹೊರಡದಿದ್ದ ಮನುಷ್ಯ ಈಗ ಲೀಟರುಗಟ್ಟಲೆ ಆಯಿಲನ್ನು ನಗುಮುಖದಿಂದಲೇ ಖರ್ಚಿಗೆ ಹಾಕುತ್ತಾರೆ.

ಲೆಕ್ಕ ಮುಗಿದ ಮೇಲೆ ಉಳಿಯುವುದು ಬೆರಳು. ಅದನ್ನು ಒರೆಸಲು ಅವರು ಹಳೆಬಟ್ಟೆ ತಂದದ್ದನ್ನು ಯಾರೂ ಕಂಡಿಲ್ಲ. ಎಂಜಿನ್ ಆಯಿಲಾದರೆ ಮೆಟ್ಟಿಲ ಬದಿ, ಆಕ್ಸಲಿನದ್ದಾದರೆ ಕೈಗೆ ಸಿಕ್ಕಿದ ಬೈರಾಸು. ಕ್ಲಚ್ಚಿನ ದ್ರವ ಪೈಂಟನ್ನು ತಿನ್ನುತ್ತದೆ ಎಂಬ ವಿಜ್ಞಾನ ನಮಗೆ ತಿಳಿದದ್ದು ಜಗಲಿಯ ಮರದ ಕಂಬದಿಂದ. ಹೊಸ ಪೈಂಟು ಎರಡು ಬೆರಳುಗಳ ಆಕಾರದಲ್ಲಿ ಎದ್ದುಬಂದಿದೆ. ನನ್ನ ಹೆಂಡತಿ ಕಂಬವನ್ನು ತೋರಿಸಿ, “ಇದು ಯಾರ ಬೆರಳು ಮಾವ?” ಎಂದು ಕೇಳಿದಾಗ ಅವರು ಹತ್ತಿರ ಹೋಗಿ ಕನ್ನಡಕ ಸರಿಮಾಡಿ ನೋಡಿ, “ಒಳ್ಳೆಯ ಕಂಪೆನಿಯ ಪೈಂಟು ಹಾಕಿಸಬೇಕಿತ್ತು” ಎಂದರು.

ರಿಪೇರಿಯ ಪ್ರಯತ್ನವೇ ನಡೆದಿಲ್ಲವೆಂದಲ್ಲ. ಪೇಟೆಯ ಗ್ಯಾರೇಜಿನ ಮೇಸ್ತ್ರಿ ಬಂದು ಬಾನೆಟ್ ಎತ್ತಿದವರೇ, “ಇದು ನಮ್ಮ ಅಂಬಾಸಿಡರಿನ ಎಂಜಿನ್ ಅಲ್ವಾ ಮಾರಾಯ್ರೆ!” ಎಂದರು. ಮಾತು ಸುಳ್ಳಲ್ಲ, ಎರಡಕ್ಕೂ ಇದ್ದದ್ದು ಬಿ-ಸೀರೀಸ್ ಎಂಬ ಅದೇ 1489 ಸಿ.ಸಿ. ಎಂಜಿನ್, ಇದಕ್ಕೆ ಕಾರ್ಬುರೇಟರ್ ಎರಡು ಎಂಬುದು ಹೆಚ್ಚುಗಾರಿಕೆ. ಅಬಿಂಗ್ಡನ್ನಿನ ಕನಸು ಬಾಡಿಗೆ ಟ್ಯಾಕ್ಸಿಯ ನೆಂಟನೆಂದು ಪತ್ತೆಯಾದ ಆ ಸಂಜೆ ಚಿಕ್ಕಪ್ಪ ಚಹಾ ಕುಡಿಯಲಿಲ್ಲ.

ಆದರೆ ಅವರನ್ನು ಗೆಲ್ಲಿಸಿದವರೂ ಅದೇ ಮೇಸ್ತ್ರಿ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವಲ್ಲಿ, ಬೆಲ್ ಹೌಸಿಂಗಿನ ತಳದಲ್ಲಿ, ಸೋರಿದ ಎಣ್ಣೆ ಕ್ಲಚ್ಚಿಗೆ ತಾಗದೆ ಹೊರಗೆ ಬೀಳಲೆಂದು ತಯಾರಕರೇ ಒಂದು ತೂತು ಬಿಟ್ಟಿದ್ದಾರೆ. ಆ ತೂತು ಕಟ್ಟಿಹೋಗದಿರಲೆಂದು ಅದರಲ್ಲಿ ಸಡಿಲವಾಗಿ ಅಲ್ಲಾಡುವ ಸ್ಪ್ಲಿಟ್ ಪಿನ್ನೊಂದನ್ನೂ ತೂಗಹಾಕಿದ್ದಾರೆ. ಅಂದಿನಿಂದ ನಾನು ಬಾಯಿ ತೆರೆದರೆ ಸಾಕು, “ಸೋರಲೆಂದೇ ಮಾಡಿದ ತೂತು. ನೀನು ಕಂಪೆನಿಯವರಿಗಿಂತ ಬುದ್ಧಿವಂತನೋ?” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮೇಸ್ತ್ರಿ ಹೇಳಿದ ಇನ್ನೊಂದು ಸಂಗತಿಯನ್ನು ಮಾತ್ರ ಚಿಕ್ಕಪ್ಪ ಯಾರೊಂದಿಗೂ ಎತ್ತುವುದಿಲ್ಲ. ಈ ಎಂಜಿನ್ನಿನ ಹಿಂಬದಿಯಲ್ಲಿ ರಬ್ಬರಿನ ಸೀಲ್ ಇಲ್ಲ. ಕ್ರ್ಯಾಂಕ್‌ಶಾಫ್ಟ್ ಎಂಬ ತಿರುಗುವ ದಂಡದ ಮೇಲೆ ಸ್ಕ್ರೂವಿನಂತೆ ಕೊರೆದ ಸುರುಳಿ ಗೀರೊಂದು ತಿರುಗುತ್ತಾ ಎಣ್ಣೆಯನ್ನು ಒಳಕ್ಕೆ ನೂಕಬೇಕು. ಅಂದರೆ ಓಡುವಾಗಷ್ಟೇ ಅದಕ್ಕೆ ತಡೆ, ನಿಂತರೆ ಇಲ್ಲ. ಉಳಿದ ಕಡೆಯ ರಬ್ಬರುಗಳೂ ನಿಂತಲ್ಲೇ ಒಣಗಿ ಬಿರುಕುಬಿಡುತ್ತವೆ. ಮೊದಲೆಲ್ಲ ಭಾನುವಾರ ಸಂಜೆ ಚಿಕ್ಕಮ್ಮ ಸೆರಗನ್ನು ತಲೆಗೆ ಸುತ್ತಿಕೊಂಡು ಪಕ್ಕದಲ್ಲಿ ಕುಳಿತು, ಇಬ್ಬರೂ ಬೇಕಲ ಕೋಟೆಯವರೆಗೆ ಹೋಗಿ ಬರುತ್ತಿದ್ದರು. ಆ ಕಾರಿನ ಸೀಟು ನೆಲಕ್ಕೆ ಬಹಳ ಹತ್ತಿರ. ಮಂಡಿನೋವು ಹೆಚ್ಚಾದ ಮೇಲೆ ಚಿಕ್ಕಮ್ಮನಿಗೆ ಅಷ್ಟು ಕೆಳಗೆ ಇಳಿಯಲೂ ಆಗುವುದಿಲ್ಲ, ಏಳಲೂ ಆಗುವುದಿಲ್ಲ. ಒಬ್ಬರೇ ಹೋಗಿ ಬನ್ನಿ ಎಂದು ನಾವು ಹೇಳಿದ್ದುಂಟು. ಪೆಟ್ರೋಲಿಗೆ ಬೆಲೆ ಜಾಸ್ತಿ ಎಂದರು.

ಈಗ ಆ ಎಂಜಿನ್ನಿಗೂ ರಬ್ಬರಿನ ಸೀಲ್ ಕೂರಿಸುವ ಕಿಟ್ ವಿದೇಶದಿಂದ ಸಿಗುತ್ತದಂತೆ. ಎಂಜಿನ್ ಇಳಿಸಬೇಕಾದೀತು ಎಂದದ್ದೇ ಚಿಕ್ಕಪ್ಪ ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಅಡಕೆ ಅಂಗಳಕ್ಕೆ ಇಳಿಯುವುದರೊಳಗೆ ಕಾರು ಹಟ್ಟಿಯ ಬದಿಗೆ ಹೋಗಲೇಬೇಕೆಂದು ನನ್ನ ಹೆಂಡತಿ ಗಡುವು ಕೊಟ್ಟಿದ್ದಾಳೆ. ಆಶ್ಚರ್ಯವೆಂದರೆ ಅವರು ಒಪ್ಪಿದ್ದಾರೆ. ಅಲ್ಲಿನ ನೆಲ ಒಂದು ಬದಿಗೆ ಇಳಿಜಾರಾಗಿರುವುದರಿಂದ ಡಿಪ್‌ಸ್ಟಿಕ್ ತಪ್ಪು ಲೆಕ್ಕ ತೋರಿಸುತ್ತದಂತೆ, ಆದ್ದರಿಂದ ಮೊದಲು ಅದನ್ನು ಮಟ್ಟ ಮಾಡಿ ಸಿಮೆಂಟು ಹಾಕಿಸಬೇಕಂತೆ. ಜಾಗ ನನ್ನದಾದ್ದರಿಂದ ಖರ್ಚೂ ನನ್ನದೇ ಅಂತೆ.